ಹಳೆಯ ಪಿಕಪ್ ಕೊಂಡ ಗೆಳೆಯನಿಗೆ

ಪ್ರಿಯ ಗೆಳೆಯ,

ಹೊಸದಾಗಿ ಕೊಂಡ ಹಳೆಯ ಪಿಕಪ್ ಬೆಳಗಿನ ಚಳಿಗೆ ಸ್ಟಾರ್ಟ್ ಆಗುವುದಿಲ್ಲವೆಂದು ಬರೆದಿದ್ದೀಯ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ತರಕಾರಿ ಹೊರುವ ಇನ್ನೂ ಹಲವರದ್ದು ಇದೇ ಗೋಳಾದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ಒಬ್ಬರನ್ನು ನಿಲ್ಲಿಸು. ಎಂಜಿನ್ ಚೆನ್ನಾಗಿ ತಿರುಗಿದರೂ ಹೊಗೆಯೇ ಬರದಿದ್ದರೆ ಡೀಸೆಲ್ ಒಳಕ್ಕೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ತಲುಪಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಬಿಳಿ ಹೊಗೆಯಾದರೆ, ಚಳಿಯಲ್ಲಿ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್‌ಗಳನ್ನು ಒಂದೊಂದಾಗಿ ಪರೀಕ್ಷಿಸು. ಹೊಗೆಯೇ ಇಲ್ಲದಿದ್ದರೆ, ಡೀಸೆಲ್ ಫಿಲ್ಟರ್ ಬಳಿಯ ಹ್ಯಾಂಡ್ ಪಂಪನ್ನು ಗಟ್ಟಿಯಾಗುವವರೆಗೂ ಒತ್ತು. ಆಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ, ರಾತ್ರಿ ಎಲ್ಲೋ ಏರ್ ಎಳೆದು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ ಎಂದರ್ಥ. ಫಿಲ್ಟರಿನಿಂದ ಮುಂದೆ ಹೋಗುವ ಪೈಪಿನ ಜಾಗದಲ್ಲಿ ಸ್ವಲ್ಪ ಹೊತ್ತು ಪಾರದರ್ಶಕ ಪೈಪನ್ನು ಹಾಕಿ ನೋಡಿದರೆ ಗುಳ್ಳೆಗಳು ಓಡುವುದು ಕಣ್ಣಿಗೇ ಕಾಣುತ್ತದೆ. ಬಹಳ ಸಲ ದೋಷವಿರುವುದು ಸಡಿಲವಾದ ಕ್ಲಿಪ್ಪಿನಲ್ಲೋ ತಾಮ್ರದ ವಾಷರಿನಲ್ಲೋ.

ಎಂಜಿನ್ ತಿರುಗುವುದೇ ನಿಧಾನವಾಗಿದ್ದರೆ ಹೊಸ ಬ್ಯಾಟರಿ ತರಲು ಓಡಬೇಡ. ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸುವ ಬ್ಯಾಟರಿಯಲ್ಲಿ ಚಾರ್ಜ್ ತುಂಬಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದೋಷವಿರುವುದು ಇವೆರಡನ್ನೂ ಜೋಡಿಸುವ ಅರ್ತ್ ವೈರಿನಲ್ಲಿ.

ಪತ್ರವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ನೀನು ಕಳಿಸಿದ ಫೋಟೋದಲ್ಲಿ ನನ್ನ ಕಣ್ಣು ನೆಟ್ಟದ್ದು ಹಿಂದಿನ ಚಕ್ರದ ಮೇಲಿನ ಪಾಟಾ ಕಟ್ಟಿನ ಮೇಲೆ, ಅಂದರೆ ಲೋಡ್ ಹೊರುವ ಸ್ಪ್ರಿಂಗ್ ಪಟ್ಟಿಗಳ ಮೇಲೆ. ಅದರಲ್ಲೊಂದು ಪಾಟಾ ಉಳಿದವಕ್ಕಿಂತ ಹೊಸದು. ಹಿಂದಿನ ಮಾಲೀಕರು ಹೆಚ್ಚು ಲೋಡ್ ಹೊರಲೆಂದು ಹಾಕಿಸಿರಬೇಕು. ನಾನು ಕೊಂಡ ಗಾಡಿಯಲ್ಲೂ ಹಾಗೆಯೇ ಇದೆ. ಅದರ ಪರಿಣಾಮ ನನಗೆ ತಿಳಿದದ್ದು ಇತ್ತೀಚೆಗೆ, ಗಾಡಿಯ ಅಡಿಯಲ್ಲಿ ಮಲಗಿ ಬ್ರೇಕ್ ಪೈಪಿನ ಜಾಡು ಹಿಡಿದು ಹೋದಾಗ. ಇಂಥ ಹಲವು ಪಿಕಪ್‌ಗಳಲ್ಲಿ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಒಂದು ವಾಲ್ವ್ ಇದ್ದು, ಅದರಿಂದ ಹಿಂದಿನ ಆಕ್ಸಲ್ಲಿಗೆ ಬೆರಳು ಗಾತ್ರದ ಕಡ್ಡಿಯೊಂದು ಹೋಗಿರುತ್ತದೆ. ಲೋಡ್ ಬಿದ್ದು ಚಾಸಿ ಕುಗ್ಗಿದಂತೆಲ್ಲ ಕಡ್ಡಿ ಸರಿದು ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಾಟಾ ಹೆಚ್ಚಾದರೆ ಚಾಸಿ ಅಷ್ಟು ಕುಗ್ಗುವುದಿಲ್ಲ. ತುಂಬಿದ ಗಾಡಿಯೂ ವಾಲ್ವಿನ ಪಾಲಿಗೆ ಖಾಲಿ ಗಾಡಿಯೇ. ಹಿಂದಿನ ಬ್ರೇಕು ಸರಿಯಾಗಿ ಹಿಡಿಯದೆ, ಮುಂದಿನ ಬ್ರೇಕಿನ ಮೇಲೆ ಹೆಚ್ಚು ಹೊರೆ ಬೀಳುತ್ತದೆ.

ಚಾರ್ಮಾಡಿ ಘಾಟಿ ಇಳಿಯುವಾಗ ಇದರ ಅರ್ಥವೇನೆಂದು ಯೋಚಿಸು. ಮುಂದಿನ ಬ್ರೇಕು ಕಾದರೆ ಅದರೊಳಗಿನ ಆಯಿಲ್ಲೂ ಕಾಯುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ವರ್ಷಗಟ್ಟಲೆ ತೇವ ಹೀರಿಕೊಂಡರೆ 140 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಲ್ಲದು. ಆಯಿಲ್ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ಕೆಳಗಿಳಿದುಬಿಡುತ್ತದೆ.

ಇದು ತಿಳಿದಂದಿನಿಂದ ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಗುತ್ತಿದ್ದಂತೆ ನನ್ನ ಅಂಗೈ ಬೆವರುತ್ತದೆ. ಲೋಡ್ ಕಡಿಮೆ ಮಾಡಿದ್ದೇನೆ, ಎರಡನೇ ಗೇರಿನಲ್ಲೇ ಇಳಿಸುತ್ತೇನೆ, ಆದರೂ ಬೆವರು ನಿಂತಿಲ್ಲ. ಪಕ್ಕದಲ್ಲಿ ಮಗನಿದ್ದರೆ ಅವನಿಗೆ ಗೊತ್ತಾಗದಿರಲೆಂದು ಹಾಡು ಗುನುಗುತ್ತೇನೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದ ದಿನ, ಬಾಡಿಗೆ ತಪ್ಪಿತೆಂದು ಮನೆಯವರೆದುರು ಗೊಣಗಿದರೂ, ಒಳಗೊಳಗೇ ನನಗೆ ಸಮಾಧಾನವಾಗುತ್ತದೆ. ಮನೆಯವರಿಗೂ ಹೇಳದ ಮಾತಿದು. ಇಷ್ಟು ಜನರೆದುರು ಬರೆಯಬೇಕೆಂದು ಕೂತವನಲ್ಲ.

ಇರಲಿ. ಈ ವಾರ ಹೆಚ್ಚುವರಿ ಪಾಟಾ ಬಿಚ್ಚಿಸಿ, ಕಡ್ಡಿಯ ಅಳತೆ ಸರಿ ಮಾಡಿಸಿ, ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸುತ್ತೇನೆ. ನೀನೂ ಮಾಡಿಸು, ಆರ್‌ಸಿಯಲ್ಲಿ ಬರೆದಷ್ಟೇ ಲೋಡ್ ಹಾಕು. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದಾಗ ಲೈನರ್ ಜೊತೆಗೆ ವೀಲ್ ಸಿಲಿಂಡರಿನ ರಬ್ಬರನ್ನೂ ಎತ್ತಿ ನೋಡು. ಒಳಗೆ ಒದ್ದೆಯಿದ್ದರೆ ಆಯಿಲ್ ಸೋರುತ್ತಿದೆ.

ಭಾನುವಾರ ಬಾ, ಆದರೆ ಬಸ್ಸಿನಲ್ಲಿ ಬಾ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಣ.

ನಿನ್ನ ಗೆಳೆಯ