ಯಹೂದಿ ಹೆಸರು ಇಡುವ ಮುನ್ನ ಒಮ್ಮೆ ಕೂಗಿ ನೋಡಿ

ಮಾನ್ಯ ಸಂಪಾದಕರೇ,

ಹುಟ್ಟಿದ ಮಗುವಿಗೆ ಇಡಬಹುದಾದ ಯಹೂದಿ ಹೆಸರುಗಳ ಪಟ್ಟಿಯನ್ನು ನಿಮ್ಮ ಪುರವಣಿಯಲ್ಲಿ ಓದಿದೆ. ಹೆಸರು, ಎದುರಿಗೊಂದು ಅರ್ಥ, ಅಷ್ಟೆ. ಗಂಡೋ ಹೆಣ್ಣೋ ತಿಳಿಯದು, ಉಚ್ಚಾರವೂ ಇಲ್ಲ. ತುಳು, ಮಲಯಾಳ, ಕೊಂಕಣಿ, ಹವ್ಯಕ ಕನ್ನಡ ಒಂದೇ ಅಂಗಡಿ ಜಗಲಿಯಲ್ಲಿ ಕೇಳುವ ಕಾಸರಗೋಡಿನಲ್ಲಿ ಇಷ್ಟನ್ನೇ ನಂಬಿ ಹೆಸರಿಟ್ಟರೆ ಮಗು ಶಾಲೆಗೆ ಸೇರಿದ ದಿನವೇ ಗೇಲಿ ಶುರುವಾಗುತ್ತದೆ.

‘ಎಲಿ’ ಎಂದರೆ ಯಹೂದಿಗಳ ಹೀಬ್ರು ಭಾಷೆಯಲ್ಲಿ ‘ನನ್ನ ದೇವರು’. ಮಲಯಾಳದಲ್ಲೂ ತುಳುವಿನಲ್ಲೂ ಅದು ಇಲಿ. ‘ಶನಿ’ ಇಸ್ರೇಲಿನಲ್ಲಿ ಹೆಣ್ಣುಮಕ್ಕಳ ಹೆಸರು, ಕಡುಗೆಂಪು ಬಣ್ಣ ಎಂದರ್ಥ; ನಮ್ಮಲ್ಲಿ ಆ ಹೆಸರಿನಿಂದ ಮಗುವನ್ನು ಕರೆಯಲು ಅಜ್ಜಿಯರು ಬಾಯಿ ತೆರೆಯಲಾರರು. ‘ಉರಿ’ ಎಂದರೆ ನನ್ನ ಬೆಳಕು, ಕನ್ನಡದಲ್ಲಿ ಹೊಟ್ಟೆಯುರಿಯೇ ಮೊದಲು ನೆನಪಾಗುವುದು. ನ್ಯಾಯತೀರ್ಪಿಗೆ ಸಂಬಂಧಿಸಿದ ‘ದೀನಾ’ ಇಲ್ಲಿ ಬಡಪಾಯಿಯಾಗುತ್ತಾಳೆ. ಉತ್ತ ಹೊಲ ಎಂಬ ಅರ್ಥದ ‘ನೀರ್’ ತುಳುವರಿಗೆ ಬರೀ ನೀರು; ಅದನ್ನು ಬೇಕಾದರೆ ಸಹಿಸಬಹುದು. ಕಿವಿಗೆ ಒಗ್ಗುವವೂ ಇವೆ. ‘ಕೆರೆನ್’ ಎಂದರೆ ಕಿರಣವೇ. ‘ಅಮಿತ್’ ಹೀಬ್ರುವಿನಲ್ಲಿ ಗೆಳೆಯ. ಅದು ಯಹೂದಿ ಹೆಸರೆಂದು ಇಲ್ಲಿ ಯಾರಿಗೂ ಹೊಳೆಯುವುದೇ ಇಲ್ಲ.

ಇನ್ನೊಂದು ಎಡವಟ್ಟು ಲಿಂಗದ್ದು. ‘ಆ’ಕಾರದಲ್ಲಿ ಮುಗಿದರೆ ಹೆಣ್ಣು ಎಂಬ ನಮ್ಮ ಅಂದಾಜು ಇಲ್ಲಿ ನಡೆಯದು. ಯೆಹೂದಾ, ಯೋನಾ, ಎಜ್ರಾ, ಮೀಖಾ ಬೈಬಲಿನಲ್ಲಿ ಗಂಡಸರು. ‘ಏರಿಯಲ್’ ನಮಗೆ ಸಾಬೂನುಪುಡಿಯಿಂದ ಪರಿಚಿತ, ಈಗ ಹೆಣ್ಣುಮಕ್ಕಳಿಗೂ ಇಡುತ್ತಾರೆ. ಮೂಲದಲ್ಲಿ ‘ಅರಿಯೇಲ್’, ದೇವರ ಸಿಂಹ, ಹೆಚ್ಚಾಗಿ ಗಂಡಿಗೆ ಇಡುವುದು. ಹೆಣ್ಣಿಗೆ ಅರಿಯೇಲಾ. ನಿಮ್ಮ ಪಟ್ಟಿ ನೋವಾ ಮತ್ತು ನೋಹರನ್ನು ಒಂದೇ ಸಾಲಿನಲ್ಲಿ ಕೂರಿಸಿದೆ. ನಾವೆ ಕಟ್ಟಿದ ನೋಹನ ಹೆಸರಿಗೆ ವಿಶ್ರಾಂತಿ ಎಂಬ ಅರ್ಥ, ಹೀಬ್ರುವಿನಲ್ಲಿ ಉಚ್ಚಾರ ‘ನೋಅಖ್’. ನೋವಾ ಬೇರೆ ಅಕ್ಷರಗಳ ಹೆಣ್ಣು ಹೆಸರು, ಅರ್ಥ ಚಲನೆ. ಗಂಡುಮಕ್ಕಳಿಲ್ಲದ ಅಪ್ಪನ ಆಸ್ತಿಯಲ್ಲಿ ಪಾಲು ಕೊಡಿ ಎಂದು ಬೈಬಲಿನ ನಾಯಕ ಮೋಶೆಯ ಮುಂದೆ ನಿಂತು ಕೇಳಿದ ಐವರು ಅಕ್ಕತಂಗಿಯರಲ್ಲಿ ನೋವಾ ಒಬ್ಬಳು. ಅಳಿಯಸಂತಾನದ ಸೀಮೆಗೆ ಹೇಳಿ ಮಾಡಿಸಿದ ಹೆಸರು!

ಯಹೂದಿಗಳಲ್ಲಿ ಗಂಡುಮಗುವಿನ ಹೆಸರನ್ನು ಎಂಟನೆಯ ದಿನ, ಸುನ್ನತಿಯ ಹೊತ್ತಿಗೆ ಹೇಳುತ್ತಾರೆ. ಹುಟ್ಟಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾದರೆ ಅವರದು ಸೂರ್ಯಾಸ್ತಕ್ಕೆ. ಹಾಗಾಗಿ ಸೋಮವಾರ ರಾತ್ರಿ ಎಂಟಕ್ಕೆ ಹುಟ್ಟಿದ ಮಗು ಅವರಿಗೆ ಮಂಗಳವಾರದ್ದು, ಹೆಸರು ಮುಂದಿನ ಮಂಗಳವಾರ. ಮಗುವಿಗೆ ಹುಷಾರಿಲ್ಲದಿದ್ದರೆ ಸುನ್ನತಿ ಮುಂದೆ ಹೋಗುತ್ತದೆ. ಹೆಣ್ಣುಮಗುವಿಗೆ ಸಾಮಾನ್ಯವಾಗಿ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಧರ್ಮಗ್ರಂಥ ತೋರಾ ಓದುವ ದಿನ ಹೆಸರಿಡುತ್ತಾರೆ. ಹಿರಿಯರ ಹೆಸರು ಇಡುವುದರಲ್ಲಿ ಎರಡು ಪದ್ಧತಿಯಿದೆ: ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿಗಳು ಬದುಕಿರುವವರ ಹೆಸರು ಇಡುವುದಿಲ್ಲ, ತೀರಿಕೊಂಡವರದ್ದನ್ನೇ ಆರಿಸುತ್ತಾರೆ, ಸ್ಪೇನ್ ಮೂಲದ ಸೆಫಾರ್ದಿಗಳು ಬದುಕಿರುವ ಅಜ್ಜನ ಹೆಸರನ್ನೂ ಸಂತೋಷದಿಂದ ಇಡುತ್ತಾರೆ.

ಹೀಬ್ರು ಹೆಸರು ನಮ್ಮ ಕರಾವಳಿಗೆ ಹೊಸತೂ ಅಲ್ಲ. ಯೋಸೇಫ್ ಮುಸ್ಲಿಮರಲ್ಲಿ ಯೂಸುಫ್. ಯೋಹಾನಾನ್ ಕೊಂಕಣಿ ಕ್ರೈಸ್ತರಲ್ಲಿ ಜುವಾಂವ್. ಕೇರಳದ ದೊರೆ ಭಾಸ್ಕರ ರವಿವರ್ಮ ಸುಮಾರು ಕ್ರಿ.ಶ. 1000ದಲ್ಲಿ ಬರೆಸಿದ ತಾಮ್ರಶಾಸನದಲ್ಲಿ ಜೋಸೆಫ್ ರಬ್ಬಾನ್ ಎಂಬ ಯಹೂದಿ ವರ್ತಕ ‘ಇಸ್ಸುಪ್ಪು ಇರಪ್ಪಾನ್’ ಆಗಿದ್ದಾನೆ. ಮಂಗಳೂರಿನಲ್ಲಿ ವ್ಯಾಪಾರಕ್ಕಿದ್ದ ಅಬ್ರಹಾಂ ಬೆನ್ ಯಿಜು 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದಾಗ ಅವಳಿಗೆ ಸಿಕ್ಕ ಹೀಬ್ರು ಹೆಸರು ಬೆರಾಖಾ, ಅಂದರೆ ಆಶೀರ್ವಾದ. ಕನ್ನಡದ ಬಾಯಿಗೂ ತೊಡಕಿಲ್ಲದ ಆ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲ.

ಇನ್ನು ಕಾಗದಪತ್ರ. ಕಾಸರಗೋಡಿನ ಎಷ್ಟೋ ಹೆರಿಗೆಗಳು ಮಂಗಳೂರಿನ ಆಸ್ಪತ್ರೆಗಳಲ್ಲಿ ಆಗುತ್ತವೆ. ಅಲ್ಲಿ ಹುಟ್ಟಿದರೆ ಜನನ ಪ್ರಮಾಣಪತ್ರ ಅಲ್ಲಿಯದೇ, ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಇಲ್ಲಿ ಹುಟ್ಟಿದರೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ಇಂಗ್ಲಿಷಿನ ‘ಝಡ್’ ಅಕ್ಷರದಿಂದ ಶುರುವಾಗುವ ಹೀಬ್ರು ಹೆಸರುಗಳಿಗೆ ಪೆಟ್ಟು ಬೀಳುವುದು ಇಲ್ಲೇ. ಕನ್ನಡದಲ್ಲಿ ಜೋಹರ್ ಎಂದು ಬರೆಸಿದ್ದು ಮಲಯಾಳದಲ್ಲಿ ಸೋಹರ್ ಆಗುತ್ತದೆ, ಏಕೆಂದರೆ ಆ ಸದ್ದಿಗೆ ಅವರು ‘ಸ’ ಬಳಸುವುದು ರೂಢಿ. ಗಂಟಲಿನಿಂದ ಬರುವ ‘ಖ್’ ಸದ್ದಿಗೆ ಇಂಗ್ಲಿಷಿನಲ್ಲಿ ‘ಸಿ ಎಚ್’ ಬರೆಸಲೇಬೇಡಿ. ಜೀವನ ಎಂಬ ಅರ್ಥದ ಹಾಯಿಮ್ ಕಚೇರಿಯಲ್ಲಿ ‘ಚಾಯಿಮ್’ ಆಗಿ, ಚಹಾದ ಹತ್ತಿರ ಹೋಗಿ ನಿಲ್ಲುತ್ತದೆ. ಬರೀ ‘ಎಚ್’ ಸಾಕು. ಯಾಎಲ್ ಎಂಬುದನ್ನು ‘ಯೇಲ್’ ಎಂದು ಓದುವುದನ್ನು ಮಾತ್ರ ಯಾವ ಕಾಗುಣಿತವೂ ತಡೆಯಲಾರದು. ಎರಡು ತುಂಡಾಗಿ ಹೇಳಿಕೊಡುತ್ತಲೇ ಇರಬೇಕು. ‘ಬೆನ್’, ‘ಬತ್’ ಎಂದರೆ ಇಂಥವರ ಮಗ, ಮಗಳು ಎಂದಷ್ಟೇ. ಅದನ್ನು ಪ್ರಮಾಣಪತ್ರದಲ್ಲಿ ಸೇರಿಸಿದರೆ ಪಾಸ್‌ಪೋರ್ಟಿನವರು ಅದನ್ನೇ ಹೆಸರಿನ ಭಾಗ ಮಾಡಿಬಿಡುತ್ತಾರೆ.

ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಬರೆಸಿದ ಮೇಲೆ ಬದಲಿಸುವುದಕ್ಕೇ ಓಡಾಟ ಜಾಸ್ತಿ. ಅಷ್ಟರೊಳಗೆ ಮನೆಯಂಗಳದಲ್ಲಿ ನಿಂತು ಗಟ್ಟಿಯಾಗಿ ಹತ್ತು ಸಲ ಕೂಗಿ ನೋಡಿ. ನೆರೆಮನೆಯ ಮಲಯಾಳಿಯೂ ತುಳುವರೂ ನಗದಿದ್ದರೆ ಬರೆಸಿ.

ಮುಂದಿನ ಸಲ ಪಟ್ಟಿ ಅಚ್ಚು ಹಾಕುವಾಗ ಪ್ರತಿ ಹೆಸರಿಗೂ ಗಂಡೋ ಹೆಣ್ಣೋ ಎಂಬುದನ್ನು, ಕನ್ನಡದಲ್ಲಿ ಉಚ್ಚಾರವನ್ನು ಕೊಡಿ. ‘ಎಲಿ’ಯನ್ನು ದಯವಿಟ್ಟು ಕಾಸರಗೋಡು ಆವೃತ್ತಿಯಿಂದ ತೆಗೆದುಬಿಡಿ.

— ಓರ್ವ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ