ಕಾರ್ಲಾದ ಕಲ್ಲಿನಲ್ಲಿ ಬನವಾಸಿಯ ಸೆಟ್ಟಿ

ಮಾನ್ಯ ಸಂಪಾದಕರೇ,

ಲೋಣಾವಳಾ ಕುರಿತು ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಬಂದ ಲೇಖನ ಓದಿದೆ. ಚಿಕ್ಕಿ ಅಂಗಡಿ, ಭುಶಿ ಅಣೆಕಟ್ಟು, ಮಂಜು ಎಲ್ಲವೂ ಇದ್ದವು. ಅಲ್ಲೇ ಸಮೀಪದ, ಬಂಡೆಯಲ್ಲಿ ಕೊರೆದ ಬೌದ್ಧರ ಕಾರ್ಲಾ ಗುಹೆಗೆ ಸಿಕ್ಕಿದ್ದು ಒಂದೇ ಸಾಲು. ಕನ್ನಡಿಗರಿಗೆ ಹೇಳಲೇಬೇಕಾದ ಮಾತು ಅದರಲ್ಲಿ ಬಿಟ್ಟುಹೋಯಿತಲ್ಲ ಎಂಬ ಸಂಕಟಕ್ಕೆ ಈ ಪತ್ರ.

ನಾನು ಶಿರಸಿ ತಾಲ್ಲೂಕಿನವನು, 26 ವರ್ಷಗಳಿಂದ ಚಿಂಚವಡದ ಕಾರ್ಖಾನೆಯೊಂದರಲ್ಲಿ ಟರ್ನರ್. ಕಳೆದ ಭಾನುವಾರ ಮಗಳೊಡನೆ ಬೆಳಗಿನ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದೆ. ಅಲ್ಲಿಂದ ರಿಕ್ಷಾದಲ್ಲಿ ಬೆಟ್ಟದ ಬುಡದ ವೇಹೇರಗಾಂವ್. ಆ ಹೆಸರು ಬಂದದ್ದೇ ಮೇಲಿರುವ ವಿಹಾರದಿಂದ. ಹೂವು, ಪೇಡಾ ಮಾರುವವರ ನಡುವೆ ಮೆಟ್ಟಿಲು ಹತ್ತಿದರೆ ಕಡಲತೀರದ ಬೆಸ್ತರು ಕುಲದೇವತೆಯೆಂದು ನಡೆದುಕೊಳ್ಳುವ ಏಕವೀರೆಯ ಗುಡಿ. ದರ್ಶನದ ಸರದಿ ಉದ್ದವಾಗಿತ್ತು. ಗುಡಿಯ ಬೆನ್ನಿಗೇ ಇರುವ ಚೈತ್ಯದೊಳಗೆ, ಅಂದರೆ ಬೌದ್ಧರ ಪ್ರಾರ್ಥನಾ ಗುಹೆಯೊಳಗೆ ಮಾತ್ರ ಹತ್ತಿಪ್ಪತ್ತು ಜನ.

ಒಳಗೆ ಕಾಲಿಟ್ಟ ಮೇಲೆ ಬಹಳ ಹೊತ್ತು ನನಗೆ ಮಾತು ಹೊರಡಲಿಲ್ಲ. ಸುಮಾರು 45 ಮೀಟರ್ ಉದ್ದ, 14 ಮೀಟರ್ ಎತ್ತರದ ಸಭಾಂಗಣ. ಅಷ್ಟನ್ನೂ ಒಂದೇ ಬಂಡೆಯೊಳಗೆ ಕೊರೆದಿದ್ದಾರೆ. ಕುಂಭದ ಮೇಲೆ ನಿಂತ ಕಂಬಗಳು, ತುದಿಯಲ್ಲಿ ಆನೆಯೇರಿದ ದಂಪತಿಗಳು. ಚಾವಣಿಗೆ ಬಿಗಿದ ಮರದ ಕಮಾನುಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವು, ಸ್ತೂಪದ ಮೇಲಿನ ಮರದ ಕೊಡೆಯೂ ಹಾಗೆಯೇ. ಲೋಹ ಕಡೆಯುವಾಗ ಅಳತೆ ತಪ್ಪಿದರೆ ನಾವು ಇನ್ನೊಂದು ತುಂಡು ಹಾಕಿಕೊಳ್ಳುತ್ತೇವೆ. ಇಲ್ಲಿ ಒಂದು ಕಂಬ ಮುರಿದಿದ್ದರೆ ಅದರ ಜಾಗಕ್ಕೆ ಬೇರೆ ಕಲ್ಲು ತರುವಂತಿರಲಿಲ್ಲ.

ಇನ್ನು ಆ ಬಿಟ್ಟುಹೋದ ಮಾತು. ಮುಖಮಂಟಪದ ಎಡ ತುದಿಯ ಗೋಡೆಯಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಪುಟ್ಟ ಶಾಸನವೊಂದಿದೆ. ವೈಜಯಂತಿಯಿಂದ ಬಂದ ಸೆಟ್ಟಿ ಭೂತಪಾಲ ಈ ‘ಸೇಲಘರ’ವನ್ನು, ಅಂದರೆ ಶಿಲಾಗೃಹವನ್ನು ಪೂರ್ಣಗೊಳಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಎಂದು ಅದರ ಅರ್ಥ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದೇ ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಕದಂಬರು ರಾಜಧಾನಿ ಕಟ್ಟುವುದಕ್ಕೂ ಎಷ್ಟೋ ಕಾಲ ಮೊದಲೇ ನಮ್ಮ ವರದಾ ದಂಡೆಯ ವರ್ತಕನೊಬ್ಬ ಘಟ್ಟದ ದಾರಿಯಲ್ಲಿ ಇಷ್ಟು ದೂರ ಬಂದು, ದುಡಿದ ಹಣವನ್ನು ಈ ಕಲ್ಲಿಗೆ ಸುರಿದಿದ್ದಾನೆ! ಮಧುಕೇಶ್ವರನ ಗುಡಿಯಲ್ಲಿ ಇದೇ ಪ್ರಾಕೃತದ ಬರಹವಿರುವ ಐದು ಹೆಡೆಯ ನಾಗಶಿಲೆಯನ್ನು ನೋಡುತ್ತ ಬೆಳೆದವನು ನಾನು. ಪುಣೆಯಲ್ಲಿ ಹುಟ್ಟಿದ ಮಗಳಿಗೆ, "ನಮ್ಮೂರಿನವನು ನಮಗಿಂತ ಮೊದಲೇ ಇಲ್ಲಿಗೆ ಬಂದಿದ್ದ" ಎಂದೆ. ಅವಳು ಅಕ್ಷರಗಳನ್ನು ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅದೇ ಹೊತ್ತಿಗೆ ಒಬ್ಬ ಯುವಕ ಕೀಲಿಕೈಯಿಂದ ಕಂಬದ ಮೇಲೆ ತನ್ನ ಹೆಸರು ಗೀಚುತ್ತಿದ್ದ. ತಡೆದೆ. ಆ ಕಂಬಗಳ ಮೇಲೆ ದಾನಿಗಳ ಹೆಸರುಗಳಿವೆ, ಧೇನುಕಾಕಟವೆಂಬ ಊರಿನ ಯವನರದೂ (ಗ್ರೀಕರಂಥ ವಿದೇಶಿಯರದೂ) ಇವೆ, ಅವರು ಕಂಬವನ್ನೇ ಕೊಟ್ಟವರು ಎಂದು ಮರಾಠಿಯಲ್ಲಿ ವಿವರಿಸಿದೆ. ಕೈ ಕೆಳಗಿಳಿಸಿದ, ಗೀಚಿದ ಗೆರೆ ಮಾತ್ರ ಅಲ್ಲೇ ಉಳಿಯಿತು.

ಪುಣೆ, ಮುಂಬೈಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಬಸ್ ಮಾಡಿಕೊಂಡು ಲೋಣಾವಳಾಕ್ಕೆ ಹೋಗುತ್ತವೆ. ಆ ಬಸ್ ಕಾರ್ಲಾದಲ್ಲಿ ಎರಡು ಗಂಟೆ ನಿಲ್ಲಲಿ. ಶಾಸನ ಓದಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಲಿ, ಮಕ್ಕಳನ್ನು ಆ ಎಡ ತುದಿಯ ಗೋಡೆಯ ಮುಂದೆ ನಿಲ್ಲಿಸಲಿ. ತಾವು ಶಾಸನದ ಪೂರ್ಣ ಪಾಠವನ್ನು ತಜ್ಞರಿಂದ ಪಡೆದು, ಕನ್ನಡ ಲಿಪಿಯಲ್ಲಿ ಅರ್ಥಸಹಿತ ಅದೇ ಪ್ರವಾಸ ಪುಟದಲ್ಲಿ ಅಚ್ಚು ಹಾಕಿದರೆ ಕತ್ತರಿಸಿಟ್ಟುಕೊಂಡು ಮುಂದಿನ ಸಲ ಜೊತೆಗೆ ಒಯ್ಯುತ್ತೇನೆ.

— ಓದುಗ, ಚಿಂಚವಡ, ಪುಣೆ