ಅಣ್ಣ ತೋಟ ಅಡವಿಡುವುದು ಬೇಡ

ಫೋರ್ಟ್ ಲಾಡರ್ಡೇಲ್, ಫ್ಲಾರಿಡಾ

ತೀರ್ಥರೂಪು ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ,

ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಆರಾಮ. ನಿಮ್ಮ ಕಾಗದ ಬಂತು. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಓದಿ ಸಮಾಧಾನವಾಯ್ತು. ಆದರೆ ಎರಡನೇ ಪುಟ ಓದಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ತೋಟ ಅಡವಿಟ್ಟು ಮಗ ಪುಟ್ಟುವನ್ನು ಮಂಗಳೂರಿನ ಪ್ರೈವೇಟ್ ಶಾಲೆಗೆ ಹಾಕುತ್ತೇನೆ ಅಂತ ಅಣ್ಣ ಹೊರಟಿದ್ದಾನಲ್ಲ, ಎಲೆಚುಕ್ಕಿ ರೋಗ ಬಂದು ಫಸಲು ಹೀಗೆ ಇಳಿದಿರುವಾಗ ಸಾಲ ತೀರಿಸುವುದು ಯಾವುದರಿಂದ? ಪುಟ್ಟು ಜಾಣ, ಅದರಲ್ಲಿ ಎರಡು ಮಾತಿಲ್ಲ. ಐದನೇ ಕ್ಲಾಸಿನಲ್ಲೇ ಏಳನೇ ಕ್ಲಾಸಿನ ಲೆಕ್ಕ ಬಿಡಿಸುತ್ತಾನೆ, ಶಾಲೆಯಲ್ಲಿ ಸುಮ್ನೆ ಕೂತು ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಅತ್ತಿಗೆ ಫೋನಿನಲ್ಲಿ ಹೇಳಿದ್ದರು. ಅಣ್ಣನ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಜಾಣ ಮಗುವನ್ನು ಓದಿಸಲು ಮನೆಯವರು ತೋಟ ಕಳೆದುಕೊಳ್ಳಬಾರದು ಅಪ್ಪಯ್ಯ. ಅದು ಸರ್ಕಾರ ಮಾಡಬೇಕಾದ ಖರ್ಚು. ಇದೇ ಮಾತನ್ನು ನಾನು ಇಲ್ಲಿ ಸ್ಕೂಲ್ ಬೋರ್ಡಿನವರ ಎದುರು ನಿಂತು ಹೇಳುತ್ತಾ ಬಂದಿದ್ದೇನೆ.

ಹೌದು, ಇಲ್ಲಿ ಹಾಗೆ ಹೇಳಬಹುದು. ನಮ್ಮ ಬ್ರೋವರ್ಡ್ ಕೌಂಟಿಯ, ಅಂದರೆ ಜಿಲ್ಲೆಯ, ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಬೋರ್ಡಿಗೆ, ನಮ್ಮ ಗ್ರಾಮ ಪಂಚಾಯ್ತಿಗೆ ಆರಿಸುವ ಹಾಗೆ, ಜನ ಓಟು ಹಾಕಿ ಸದಸ್ಯರನ್ನು ಆರಿಸುತ್ತಾರೆ. ಸಭೆಯಲ್ಲಿ ಹೆಸರು ಕೊಟ್ಟು ಮಾತಾಡಬಹುದು. ನಾನು ಸೀರೆ ಉಟ್ಟೇ ಹೋಗುತ್ತೇನೆ. ಎಲ್ಲರೂ ಗಮನ ಕೊಟ್ಟು ಕೇಳುತ್ತಾರೆ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಫ್ಲಾರಿಡಾದಲ್ಲಿ ಬಹಳ ಜಾಣ ಮಕ್ಕಳನ್ನೂ, ಕಣ್ಣು ಕಾಣದ, ಕಿವಿ ಕೇಳದ ಮಕ್ಕಳನ್ನೂ ಒಂದೇ ವಿಭಾಗದವರು ನೋಡಿಕೊಳ್ಳುತ್ತಾರೆ. ನನಗೆ ಇದು ತುಂಬಾ ಸರಿ ಅನಿಸುತ್ತದೆ. ಮಾಮೂಲಿ ಪಾಠ ಯಾರಿಗೆ ಹೊಂದುವುದಿಲ್ಲವೋ ಅವರಿಗೆ ಬೇರೆ ಏರ್ಪಾಡು ಬೇಕು, ಅಷ್ಟೇ ಅಲ್ವಾ?

ಕಷ್ಟ ಇರುವುದು ಈ ಏರ್ಪಾಡಿಗೆ ಜಾಣ ಮಕ್ಕಳನ್ನು ಹುಡುಕುವುದರಲ್ಲಿ. ಮೊದಲು ಟೀಚರೋ ತಂದೆ-ತಾಯಿಯೋ ಹೆಸರು ಹೇಳಿದ ಮಕ್ಕಳಿಗೆ ಮಾತ್ರ ಪರೀಕ್ಷೆ ಆಗುತ್ತಿತ್ತು. ದುಡ್ಡಿದ್ದವರು ಖಾಸಗಿ ಮನಶ್ಶಾಸ್ತ್ರಜ್ಞರ ಹತ್ತಿರ ಬುದ್ಧಿಮಟ್ಟ ಅಳೆಯುವ ಐಕ್ಯೂ ಪರೀಕ್ಷೆ ಮಾಡಿಸಿ ತರಬಹುದಿತ್ತು. ಹೋಟೆಲ್ ರೂಮು ಗುಡಿಸುವ ತಾಯಿಗೆ ಇಂಥದ್ದೊಂದು ಇದೆ ಅಂತ ಹೇಳುವವರು ಯಾರು? 2005ರಲ್ಲಿ ಬ್ರೋವರ್ಡ್‌ನವರು ಒಂದು ಒಳ್ಳೆಯ ಕೆಲಸ ಮಾಡಿದರು. ಎರಡನೇ ಕ್ಲಾಸಿನ ಮಕ್ಕಳಿಗೆಲ್ಲ ಒಂದು ಚಿಕ್ಕ ಪರೀಕ್ಷೆ ಕೊಟ್ಟರು. ಬರೀ ಚಿತ್ರ, ಆಕಾರಗಳು. ಇಂಗ್ಲಿಷ್ ಬಾರದ ಮಗುವೂ ಮಾಡಬಹುದು. ಅದರಲ್ಲಿ ಮೇಲೆ ಬಂದವರಿಗೆ ಪೂರ್ತಿ ಐಕ್ಯೂ ಪರೀಕ್ಷೆ. ಆಯ್ಕೆಯ ನಿಯಮವನ್ನು ಒಂದಿಷ್ಟೂ ಸಡಿಲಿಸಲಿಲ್ಲ. ಆದರೂ ಬಡವರ ಮಕ್ಕಳು, ಕಪ್ಪು ಜನಾಂಗದ ಮಕ್ಕಳು, ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಎಷ್ಟೋ ಜಾಸ್ತಿ ಆಯ್ಕೆಯಾದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನೆಲ್ಲ ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದ್ದಾರೆ. ಕಾರ್ಡ್ ಅಂದರೆ ಆಮೇಲೆ ನೊಬೆಲ್ ಬಂದವರೇ. ಆ ಮಕ್ಕಳು ಮೊದಲಿನಿಂದ ಅದೇ ಬೆಂಚಿನಲ್ಲಿ ಕೂತಿದ್ದವರು. ಅವರನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಆರ್ಥಿಕ ಹಿಂಜರಿತ ಬಂತು. ಖರ್ಚು ಉಳಿಸಲು ಆ ಪರೀಕ್ಷೆ ನಿಲ್ಲಿಸಿದರು. ಬಡ ಮಕ್ಕಳ ಆಯ್ಕೆ ಮತ್ತೆ ಹಳೆಯ ಮಟ್ಟಕ್ಕೇ ಇಳಿಯಿತು. ಅದಕ್ಕೇ ಬಜೆಟ್ ಸಭೆ ಬಂದಾಗೆಲ್ಲ ನಾನು ಹೋಗುತ್ತೇನೆ. ‘ಜಾಣ ಮಕ್ಕಳು ಹೇಗೋ ಮುಂದೆ ಬರುತ್ತಾರೆ, ಅವರಿಗೆ ಯಾಕೆ ದುಡ್ಡು’ ಅನ್ನುವವರು ಇಲ್ಲೂ ಇದ್ದಾರೆ. ಅನುಕೂಲಸ್ಥರ ಮಕ್ಕಳು ಬರುತ್ತಾರೆ, ನಿಜ. ಉಳಿದವರ ಮನೆಯಲ್ಲಿ ತೋಟ ಅಡವಿಗೆ ಹೋಗುತ್ತದೆ.

ಅಮೆರಿಕದಲ್ಲಿ ಎಲ್ಲದಕ್ಕೂ ದುಡ್ಡು ಸುರಿಯುತ್ತಾರೆ ಅಂತ ಅಣ್ಣ ಹೇಳುತ್ತಿರುತ್ತಾನೆ. ಜಾಣ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರದ ಕಡೆಯಿಂದ, ವಾಷಿಂಗ್ಟನ್‌ನಿಂದ ಬರುವ ಯೋಜನೆ ಒಂದೇ ಒಂದು, 1988ರ ಜೇವಿಟ್ಸ್ ಕಾಯ್ದೆಯದು. ಈಚಿನ ವರ್ಷಗಳಲ್ಲಿ ಅದಕ್ಕೆ ವರ್ಷಕ್ಕೆ ಸುಮಾರು 1.65 ಕೋಟಿ ಡಾಲರ್. ಇಲ್ಲಿ ಸರ್ಕಾರಿ ಶಾಲೆಯ ಮಕ್ಕಳೇ ಸುಮಾರು 5 ಕೋಟಿ. ತಲೆಗೆ ಅರ್ಧ ಡಾಲರ್ ಕೂಡ ಬರುವುದಿಲ್ಲ. 2011ರಿಂದ ಕೆಲವು ವರ್ಷ ಅದನ್ನೂ ಕೊಟ್ಟಿರಲಿಲ್ಲ.

ಈ ವಿಷಯದಲ್ಲಿ ನಮ್ಮ ನವೋದಯ ವಸತಿ ಶಾಲೆ ಎಷ್ಟೋ ಮೇಲು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಗಾಜನೂರಿನಲ್ಲಿ ಇದೆ, ಬಸ್ಸಿನಿಂದ ನೀವೇ ತೋರಿಸುತ್ತಿದ್ದಿರಿ. ಪುಟ್ಟು ಮೊದಲು ಆ ಪರೀಕ್ಷೆ ಬರೆಯಲಿ. ಅರ್ಜಿಗೆ ಫೀಸಿಲ್ಲ. ಕನ್ನಡದಲ್ಲೇ ಬರೆಯಬಹುದು. ಒಟ್ಟು 80 ಪ್ರಶ್ನೆ, ಅದರಲ್ಲಿ 40 ಆಕೃತಿಗಳನ್ನು ನೋಡಿ ಉತ್ತರಿಸುವಂಥವು. ಅವನಿಗೆ ಅದು ಆಟ. ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೇ. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಅವರದೇ. ಎಂಟನೇ ಕ್ಲಾಸಿನ ತನಕ ಫೀಸೇ ಇಲ್ಲ, ಆಮೇಲೆ ಕೊಡಬೇಕಾಗಿ ಬಂದರೂ ತಿಂಗಳಿಗೆ 600 ರೂಪಾಯಿ. ಅಣ್ಣನಿಗೆ ಇದನ್ನು ನಿಧಾನವಾಗಿ ಓದಿ ಹೇಳಿ.

ಇಡೀ ಜಿಲ್ಲೆಗೆ 80 ಸೀಟು ಸಾಲದು ಅಂತ ನನಗೂ ಗೊತ್ತು. 1963ರಿಂದ ನಡೆದುಕೊಂಡು ಬಂದಿದ್ದ, ಜಾಣ ಮಕ್ಕಳನ್ನು ಆರಿಸಿ ವಿದ್ಯಾರ್ಥಿವೇತನ ಕೊಡುವ ಎನ್‌ಟಿಎಸ್‌ಇ ಪರೀಕ್ಷೆಯನ್ನೂ 2021ರಿಂದ ನಿಲ್ಲಿಸಿದ್ದಾರೆ. ಇದು ಬಹಳ ಬೇಸರದ ವಿಷಯ. ಇಲ್ಲಿ ನಾನು ಕೇಳುವುದನ್ನು ಊರಿನವರು ಎಂಎಲ್ಎ ಹತ್ತಿರ ಕೇಳಬೇಕು. ಗಾಜನೂರಿನಂಥ ಶಾಲೆ ಪ್ರತಿ ತಾಲ್ಲೂಕಿಗೂ ಒಂದು ಬೇಕು. ಎಸ್‌ಡಿಎಂಸಿ ಸಭೆಯಲ್ಲಿ ನೀವಾದರೂ ಈ ಮಾತು ಎತ್ತಿ ಅಪ್ಪಯ್ಯ, ನಿಮ್ಮ ಮಾತಿಗೆ ಬೆಲೆ ಇದೆ.

ಪುಟ್ಟುಗೆ ಸೀಟು ಸಿಗದಿದ್ದರೂ ಏನೂ ಮುಳುಗುವುದಿಲ್ಲ. ಅದೇ ಶಾಲೆಯಲ್ಲಿ ಓದಲಿ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮೇಲಿನ ಪುಸ್ತಕದ ಖರ್ಚು, ಅಭ್ಯಾಸಕ್ಕೆ ಬೇಕಾದ್ದು ಎಲ್ಲ ನನ್ನದು. ನಮಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ದುಡ್ಡಿಗೆ ಏನೂ ಕಡಿಮೆ ಇಲ್ಲ, ಕೆಲಸ ಗಟ್ಟಿ ಇದೆ, ಆರೋಗ್ಯ ಚೆನ್ನಾಗಿದೆ. ಚಂಡಮಾರುತದ ಸುದ್ದಿ ಟಿವಿಯಲ್ಲಿ ಬಂದರೆ ಅಮ್ಮ ಹೆದರುವುದು ಬೇಡ, ಮನೆ ಭದ್ರವಾಗಿದೆ. ಯಾವುದಕ್ಕೂ ಚಿಂತೆ ಮಾಡಬೇಡಿ.

ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಅಲ್ಲಿ ತನಕ ಅಣ್ಣ ಸೊಸೈಟಿಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕದಿರಲಿ. ಮಗಳ ಸ್ಕೂಲ್ ಬಸ್ ಬರುವ ಹೊತ್ತಾಯ್ತು, ಓಡಬೇಕು. ಅಮ್ಮ ಔಷಧಿ ತಪ್ಪಿಸಬಾರದು.

ನಿಮ್ಮ ಮಗಳು